ಹಿಂಬಾಗಿಲ ಲಕ್ಷ್ಮಿ

ಫೋರ್ಟ್ ಪ್ರದೇಶದ ಆಫೀಸುಗಳು ಬಿಡುವ ಹೊತ್ತಿಗೆ ಅಣವೀರಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಮಲ್ಲಿಗೆ ಮಾಲೆ ಹಿಡಿದು ಕ್ಲಬ್ಬಿಗೆ ಬರುತ್ತಿದ್ದ. ಹಳೆಯ ಗೋದಾಮಿನಲ್ಲಿ ಮಾಡಿದ ಕ್ಲಬ್ಬು. ಒಂದು ಕಿಟಕಿಯೂ ಇಲ್ಲ. ಮುಂದೆ ಸರಕಾರಿ ಪರ್ಮಿಟ್ ಇದ್ದವರಿಗೆ ಕುಡಿತ, ಬ್ಯಾಂಡು, ಹಾಡು, ಹಿಂದೆ ಅಡುಗೆಮನೆ. ಅದರ ಮೂಲೆಯಲ್ಲಿ ಓಣಿಗೆ ತೆರೆಯುವ ಬಾಗಿಲು. ಆ ಬಾಗಿಲಿಗೆ ಅಡ್ಡಲಾಗಿ ಹೊಡೆದ ಹಲಗೆಯ ಮೇಲೆ ಲಕ್ಷ್ಮಿಯ ಫೋಟೋ. ಗೇಟು ಕಾಯುವ ಅಣವೀರಪ್ಪ ಮೊದಲು ಅದಕ್ಕೆ ಮಾಲೆ ಹಾಕಿ, ಆಮೇಲೆ ಮುಂಬಾಗಿಲಲ್ಲಿ ನಿಲ್ಲುತ್ತಿದ್ದ.

ಲಕ್ಷ್ಮಿಯನ್ನು ಅಲ್ಲಿ ಕೂರಿಸಿದ್ದೂ ಅವನೇ. ಹಿಂದಿನ ವರ್ಷ ಬೆಂಕಿ ತಪಾಸಣೆಗೆ ಬಂದ ಅಧಿಕಾರಿ, ಹಿಂಬಾಗಿಲಿಗೆ ಬೀಗ ಇರಕೂಡದು ಎಂದು ಗದರಿಸಿ ಹೋಗಿದ್ದ. ಮ್ಯಾನೇಜರ್ ರಾಮಸ್ವಾಮಿ ಮೈಸೂರಿನ ಕಡೆಯವರು. ತಲೆಯ ಮೇಲೆ ಕೈ ಹೊತ್ತು ಕೂತರು. ಬೀಗ ತೆಗೆದರೆ ಬಾಟಲಿಗಳೆಲ್ಲ ಓಣಿ ಸೇರುತ್ತವೆಂಬುದು ಅವರ ಚಿಂತೆ.

"ಕೀಲಿ ಯಾಕ ಬೇಕ್ರಿ ಸಾಹೇಬ್ರ?" ಎಂದ ಅಣವೀರಪ್ಪ. "ಚಿಲಕದ ಮ್ಯಾಲ ಹಲಗಿ ಹೊಡದು ಲಕ್ಷ್ಮೀನ್ನ ಕೂಡಸೂಣು. ದೇವ್ರನ್ನ ಸರಿಸಿ ಬಾಟ್ಲಿ ಒಯ್ಯೂ ಗಂಡಸು ಯಾವಾನದಾನ?"

"ಭಲೇ ಕಣಯ್ಯಾ! ಇನ್ಸ್‌ಪೆಕ್ಟರ್ ಬಾಯಿಗೂ ಬೀಗ ಬಿತ್ತು" ಎಂದು ರಾಮಸ್ವಾಮಿ ಅವನ ಬೆನ್ನು ತಟ್ಟಿದರು.

ಹಾಗೇ ಆಯಿತು. ಮತ್ತೆ ಬಂದ ಅಧಿಕಾರಿ ಬೂಟು ಬಿಚ್ಚಿ, ಕೈ ಮುಗಿದು, ಕುಂಕುಮ ಹಚ್ಚಿಕೊಂಡು ಹೊರಟುಹೋದ. ಬಾಗಿಲು ತೆಗೆದು ತೋರಿಸಿ ಎನ್ನಲಿಲ್ಲ. ಅಣವೀರಪ್ಪ ಒಂದು ವಾರ ಮೀಸೆ ತಿರುವಿಕೊಂಡು ಓಡಾಡಿದ. ಅವನ ಹೆಂಡತಿಯ ತಮ್ಮ ಸಾಯಬಣ್ಣ ಅಲ್ಲೇ ಅಡುಗೆಯವನು; ಅವನೊಬ್ಬನಿಗೆ ಮಾತ್ರ ಇದು ಸರಿಬರಲಿಲ್ಲ.

"ಮಾವ, ಸ್ಟೋವ್ ಹೊಗಿಗೆ ಉಸಿರು ಕಟ್ಟತದ. ಹಲಗಿ ತೆಗಿ, ಬಾಗಿಲಾ ತೆರದಿಡ್ತೀನಿ."

"ಹುಚ್ಚಪ್ಪ, ಲಕ್ಷ್ಮೀ ಮುಂದ ಅಡಗಿ ಮಾಡೂ ಪುಣ್ಯ ಯಾರಿಗೆ ಸಿಗತದ?" ಎಂದು ಅಣವೀರಪ್ಪ ನಕ್ಕುಬಿಟ್ಟ. ಸಾಯಬಣ್ಣನೂ ನಕ್ಕ, ಮಾವನ ಮಾತಿಗೆ ಎದುರಾಡುವ ಜಾತಿಯವನಲ್ಲ ಅವನು.

ಒಂದು ಶನಿವಾರ ಸಂಜೆ ಯಾರದೋ ಸಿಗರೇಟಿನ ಕಿಡಿ ವೇದಿಕೆಯ ಪರದೆಗೆ ತಗುಲಿತು. ಅಣವೀರಪ್ಪ ಮುಂಬಾಗಿಲಲ್ಲಿ ನಿಂತು, ಕುಡಿದು ತೂರಾಡುತ್ತಿದ್ದವರನ್ನೆಲ್ಲ ರಟ್ಟೆ ಹಿಡಿದು ಹೊರಗೆಳೆದ. ಅವರೆಲ್ಲರೂ ಬದುಕಿ ಉಳಿದರು. ಪಾತ್ರೆ ತೊಳೆಯುವ ಪರಪ್ಪ ಒದ್ದೆ ಗೋಣಿ ಹೊದ್ದುಕೊಂಡು ಬೆಂಕಿಯೊಳಗಿಂದಲೇ ನುಗ್ಗಿ ಬಂದ. ಸಾಯಬಣ್ಣ ಬರಲಿಲ್ಲ. ಅಣವೀರಪ್ಪ ಓಣಿಗೆ ಓಡಿ ಹಿಂಬಾಗಿಲನ್ನು ಎರಡೂ ಕೈಯಿಂದ ಬಡಿದ. ಒಳಗಿನಿಂದ ಯಾರೂ ಬಡಿಯಲಿಲ್ಲ.

ಬೆಂಕಿ ಆರಿದ ಮೇಲೆ ಸಾಯಬಣ್ಣ ಆ ಬಾಗಿಲ ಬುಡದಲ್ಲೇ ಸಿಕ್ಕ. ಮೈ ಸುಟ್ಟಿರಲಿಲ್ಲ, ಹೊಗೆ ಕುಡಿದು ಸತ್ತಿದ್ದ. ಎದೆಯ ಕೆಳಗೆ, ಟವೆಲಿನಲ್ಲಿ ಸುತ್ತಿದ ಲಕ್ಷ್ಮಿಯ ಫೋಟೋ ಹಾಗೇ ಇತ್ತು.

"ಒಂದು ಒದಿ ಒದ್ದಿದ್ರ ಹಲಗಿ ಕಿತ್ತು ಬರತಿತ್ತರಿ" ಎಂದು ಪರಪ್ಪ ಅತ್ತ. "ಒದಿಯೋ ಅಂತ ನಾ ಒದರಿದೆ. ದೇವ್ರಿಗಿ ಕಾಲು ತಾಗತದ, ತಡಿ, ಮೊದಲು ಫೋಟೋ ಇಳಸ್ತೀನಿ ಅಂದ. ಆಮ್ಯಾಲ ಹೊಗಿಯಾಗ ಅಂವಾ ಕಾಣಲೇ ಇಲ್ಲ."

ಊರಿಗೆಲ್ಲ ಪವಾಡದ ಸುದ್ದಿ ಹಬ್ಬಿತು. ಜೋಗೇಶ್ವರಿಯಲ್ಲಿದ್ದ ಅಣವೀರಪ್ಪನ ಚಾಳಿಗೆ ದುಃಖ ಕೇಳಲು ಬಂದವರೂ ಫೋಟೋದ ಮಾತನ್ನೇ ಆಡಿದರು. ಹೆಂಡತಿ ಕಸ್ತೂರಿಬಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಫೋಟೋ ಉಳೀತು, ಫೋಟೋ ಉಳೀತು ಅಂತಾರ ಎಲ್ಲಾರೂ" ಎಂದಳು ಗಂಡನಿಗೆ. "ನನ್ನ ತಮ್ಮ ಉಳೀಲಿಲ್ಲಂತ ಒಬ್ಬರೂ ಅನ್ನವಲ್ರು."

ಹಲಗೆ ಹೊಡೆದವರು ಯಾರೆಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಕೇಳಲೇ ಇಲ್ಲ. ಕೇಳಿ ಬೈದಿದ್ದರೆ ಅಣವೀರಪ್ಪನ ಎದೆ ಸ್ವಲ್ಪವಾದರೂ ಹಗುರಾಗುತ್ತಿತ್ತು.

ಮಳೆಗಾಲ ಕಳೆಯಿತು. ಸುಣ್ಣ ಬಣ್ಣ ಬಳಿದುಕೊಂಡು ಕ್ಲಬ್ಬು ಮತ್ತೆ ಸಿಂಗಾರಗೊಂಡಿತು. ಹಿಂಬಾಗಿಲಿಗೆ ಬಡಗಿ ಹೊಸ ಹಲಗೆ ಹೊಡೆದ. ಅದೇ ಫೋಟೋ, ಈ ಸಲ ಹಿತ್ತಾಳೆ ಚೌಕಟ್ಟು.

"ಮಹಾ ಶಕ್ತಿ ಇರೋ ಅಮ್ಮ ಕಣಯ್ಯಾ" ಎಂದರು ರಾಮಸ್ವಾಮಿ. "ಈಗ ಇದನ್ನ ಅಲುಗಾಡಿಸೋ ಧೈರ್ಯ ಯಾರಿಗಿದೆ?"

ತಪಾಸಣೆಯ ದಿನ ಅದೇ ಅಧಿಕಾರಿ ಬಂದ. ಬೂಟು ಬಿಚ್ಚಿದ, ಕೈ ಮುಗಿದ. ಕುಂಕುಮಕ್ಕೆ ಬೆರಳು ಚಾಚುವಷ್ಟರಲ್ಲಿ ಅಣವೀರಪ್ಪ ನಡುವೆ ಬಂದು ನಿಂತ. ಚಪ್ಪಲಿ ಕಳಚಿ ಲಕ್ಷ್ಮಿಗೆ ಅಡ್ಡಬಿದ್ದ. ಫೋಟೋ ಇಳಿಸಿ ಎಡ ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡ. ಆಮೇಲೆ ಬರಿಯ ಹಲಗೆಗೆ ಕಾಲೆತ್ತಿ ಒದ್ದ.

"ಏಯ್! ತಲೆಗಿಲೆ ಕೆಟ್ಟಿದೆಯಾ?" ರಾಮಸ್ವಾಮಿ ಚೀರಿದರು. "ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ!"

ಪರಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದೇ ಒದೆಗೆ ಮೊಳೆಗಳು ಕಿತ್ತುಬಂದವು. ಅಣವೀರಪ್ಪ ಚಿಲಕ ಎಳೆದು ಬಾಗಿಲು ನೂಕಿದ. ಅಡುಗೆಮನೆಗೆ ಓಣಿಯ ಬೆಳಕೂ ಗಾಳಿಯೂ ಬಂದವು.

"ಸಾಬ್," ಎಂದ ಅವನು, ಕಾಲುಚೀಲದಲ್ಲಿ ನಿಂತಿದ್ದ ಅಧಿಕಾರಿಯ ಕಡೆ ತಿರುಗಿ, ಕಂಕುಳಿನ ದೇವರನ್ನೂ ತೆರೆದ ಬಾಗಿಲನ್ನೂ ತೋರಿಸುತ್ತ, "ಭಗವಾನ್ ಮೇರೆ ಪಾಸ್ ಹೈ. ಅಬ್ ದರ್ವಾಜಾ ದೇಖೋ."

ಅಧಿಕಾರಿ ಮುಗಿದ ಕೈ ಬಿಟ್ಟು ತಲೆ ತಗ್ಗಿಸಿದ. ಅಣವೀರಪ್ಪ ಫೋಟೋ ಹಿಡಿದುಕೊಂಡು ಹಿಂಬಾಗಿಲಿನಿಂದಲೇ ಹೊರಟ. ಸಾಯಬಣ್ಣ ಬಿದ್ದಿದ್ದ ಜಾಗದಿಂದ ಒಂದು ಹೆಜ್ಜೆ ಇಟ್ಟ, ಅಷ್ಟೆ. ಓಣಿಯಲ್ಲಿದ್ದ.