ಯಾವ ಕರಿ?

ನುಗ್ಗೆಮರದ ಕೆಳಗೆ ಕೂತಿದ್ದ ಆ ಒಲೆಗೆ ಊರಿನವರು ಇಟ್ಟ ಹೆಸರು ಮೊಟ್ಟೆ ಒಲೆ. ನಿಜವಾದ ಹೆಸರು ಕಮಾಡೊ. ಹೊಸೂರಿನ ಫ್ಯಾಕ್ಟರಿಯಲ್ಲಿ ರಾಧಾಮಣಿಯ ಮೇಲಧಿಕಾರಿಯಾಗಿದ್ದ ಜಪಾನಿನವನೊಬ್ಬ ದೇಶಕ್ಕೆ ಹಿಂದಿರುಗುವಾಗ, ಹೊರಲಾರದೆ ಇವಳಿಗೆ ಕೊಟ್ಟುಹೋಗಿದ್ದ. ಮೊಟ್ಟೆಯಾಕಾರದ ದಪ್ಪ ಪಿಂಗಾಣಿ ಮೈ, ಕೆಳಗೊಂದು ಪುಟ್ಟ ಗಾಳಿಬಾಗಿಲು, ನೆತ್ತಿಯಲ್ಲೊಂದು ಗಾಳಿಕಿಂಡಿ. ಮುಚ್ಚಳಕ್ಕೆ ಸ್ಪ್ರಿಂಗ್ ಇದೆ, ಒಂದು ಕೈಯಲ್ಲಿ ಎತ್ತಿದರೂ ಹಗುರವಾಗಿ ಮೇಲೇಳುತ್ತದೆ.

ಆ ಹಗುರವೇ ಅದರ ಕೆಟ್ಟಗುಣ. ಕಿಂಡಿಗಳನ್ನು ಮುಚ್ಚಿದಾಗ ಒಳಗಿನ ಬೆಂಕಿ ಗಾಳಿಗೆ ಹಸಿದು ಕೂತಿರುತ್ತದೆ. ಯಾರಾದರೂ ದಡಕ್ಕನೆ ಮುಚ್ಚಳ ಎತ್ತಿದರೋ, ಮುಗಿಯಿತು, ಭಗ್ ಎಂದು ಜ್ವಾಲೆ ಮುಖಕ್ಕೇ ಬರುತ್ತದೆ. ಅದಕ್ಕೇ ಮೊದಲು ಎರಡು ಬೆರಳಷ್ಟು ಮಾತ್ರ ಎತ್ತಿ, ಪಕ್ಕಕ್ಕೆ ನಿಂತು, ಹತ್ತು ಎಣಿಸಬೇಕು. ಕಮಾಡೊ ಇಟ್ಟುಕೊಂಡ ಎಂಟು ಜನರ ಬಳಗದಲ್ಲಿ ಇದಕ್ಕೆ ‘ತೇಗಿಸೋದು’ ಎನ್ನುತ್ತಾರೆ. ತೇಗಿಸದೆ ತೆಗೆದ ಬಾಗಲೂರಿನ ಕುಮಾರೇಶ್ ಹುಬ್ಬು ಮೀಸೆ ಎರಡನ್ನೂ ಕಳೆದುಕೊಂಡು, ಎರಡು ತಿಂಗಳು ಮುಖಕ್ಕೆ ಮುಲಾಮು ಹಚ್ಚಿಕೊಂಡು ಓಡಾಡಿದ್ದ. ಆಮೇಲೆ ಬಳಗದವರಿಗೆಲ್ಲ ನಿಂತು ತೇಗಿಸುವುದನ್ನು ಹೇಳಿಕೊಟ್ಟವಳು ರಾಧಾಮಣಿಯೇ.

ಮನೆಯಲ್ಲಿದ್ದ ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅತ್ತೆ ಪಾರ್ವತಮ್ಮನಿಗೂ ಆ ಒಲೆಗೂ ಮೊದಲ ದಿನದಿಂದಲೇ ಆಗಿಬಂದಿರಲಿಲ್ಲ. “ಗುಡ್ಡದ ಹಿಂದೆ ನೆಲ ಅಗೆದಾಗ ಹೆಣ ಇಡೋ ಹಳೇ ಮಡಿಕೆ ಸಿಕ್ಕಿತ್ತಲ್ಲ, ಅದೇ ಇದು,” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಸೊಸೆಗೆ ಮೈಯೆಲ್ಲ ಉರಿದಿತ್ತು. ಅಂದಿನಿಂದ ಒಲೆಯ ವಿಷಯಕ್ಕೆ ಅತ್ತೆಯ ಜೊತೆ ಅವಳದು ಒಂದೇ ಮಾತು: “ಮುಟ್ಬೇಡಿ.”

ಈ ಭಾನುವಾರ ಬಳಗ ಸೇರುವ ಸರದಿ ರಾಧಾಮಣಿಯ ಮನೆಯದು. ಬೆಳಿಗ್ಗೆ ಆರಕ್ಕೇ ಇದ್ದಿಲು ಹೊತ್ತಿಸಿ, ನಡುವೆ ಹುಣಸೆ ಕಟ್ಟಿಗೆಯ ಎರಡು ತುಂಡು ಇಟ್ಟು, ಮಸಾಲೆ ಸವರಿದ ಮೇಕೆಯ ತೊಡೆಯನ್ನು ಬೇಯಲು ಬಿಟ್ಟಿದ್ದಳು. ಒಂದು ಗಂಟೆಗೆ ಜನ ಬರುತ್ತಾರೆ. ಹತ್ತೂವರೆಗೆ ನೋಡಿದರೆ ಎರಡು ಕೆಲಸ ಕೆಟ್ಟಿದ್ದವು. ಬಳಗದವರು ತರುವ ಕೋಳಿ ಸುಡಲೆಂದು ಇಟ್ಟಿದ್ದ ಇದ್ದಿಲ ಚೀಲದಲ್ಲಿ ಬರೀ ಪುಡಿ ಉಳಿದಿತ್ತು. ಇತ್ತ ಒಲೆಯ ಕಾವು ಲಂಗುಲಗಾಮಿಲ್ಲದೆ ಏರುತ್ತಿತ್ತು. ಗಂಡ ಮಾದೇಶ್ ಓವರ್‌ಟೈಮ್‌ಗೆ ಹೋಗಿದ್ದ, ಶಿಫ್ಟ್ ಮುಗಿಯುವ ತನಕ ಅವನ ಫೋನು ಲಾಕರಿನಲ್ಲೇ. ರಾಧಾಮಣಿ ಮೇಲಿನ ಕಿಂಡಿಯನ್ನು ಪೂರ್ತಿ ಮುಚ್ಚಿ, ಕೆಳಗಿನದನ್ನು ಕೂದಲೆಳೆಯಷ್ಟು ಬಿಟ್ಟು, ಸ್ಕೂಟರ್ ತೆಗೆದಳು.

“ಅತ್ತೆ, ಹೊಸೂರಿಗೋಗಿ ಬತ್ತೀನಿ. ಇಲ್ಲೇ ಕೂತ್ಕೊಂಡಿರಿ. ಏನೂ ಮುಟ್ಬೇಡಿ.”

“ನಾನ್ಯಾಕಮ್ಮ ಮುಟ್ಲಿ? ನಿನ್ನ ಒಲೆ, ನಿನ್ನ ಬೆಂಕಿ,” ಎಂದು ಪಾರ್ವತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಬೇಕೆಂದೇ ನಾಲ್ಕು ಮಾರು ದೂರ ಎಳೆದುಕೊಂಡು ಕೂತಳು.

ಹೊಸೂರಿನಲ್ಲಿ ಇದ್ದಿಲು ಸಿಕ್ಕಿತು. ಹಿಂದಿರುಗಿ ಬರುವಾಗ ಸಾನಮಾವು ಕಾಡಿನ ಹತ್ತಿರ ರಸ್ತೆ ತುಂಬ ಲಾರಿ, ಬಸ್ಸು, ಬೈಕುಗಳ ಸಾಲು. ಆನೆ ಹಿಂಡು ರಸ್ತೆ ದಾಟುತ್ತಿದೆ ಎಂದು ಅರಣ್ಯದವರು ಹಗ್ಗ ಕಟ್ಟಿದ್ದರು. ಹೊತ್ತು ಹನ್ನೊಂದೂಕಾಲು. ರಾಧಾಮಣಿಗೆ ಈಗ ಬೇರೆಯೇ ಚಿಂತೆ ಹತ್ತಿತು. ಅಷ್ಟು ಬಿಗಿಯಾಗಿ ಮುಚ್ಚಿ ಬಂದಿದ್ದೀನಲ್ಲ, ಬೆಂಕಿ ಆರಿಹೋದರೆ? ತೊಡೆ ಅರೆಬೆಂದು ಕೂತರೆ ಬಳಗದ ಮುಂದೆ ಮಾನ ಉಳಿಯುತ್ತದೆಯೇ? ಕೆಳಗಿನ ಪುಟ್ಟ ಬಾಗಿಲಲ್ಲಿ ಇಣುಕಿದರೆ ಕೆಂಡ ಕಾಣುತ್ತದೆ, ಅಷ್ಟು ನೋಡಿ ಹೇಳಿದರೆ ಸಾಕು. ಅತ್ತೆಗೆ ಫೋನ್ ಮಾಡಿದಳು.

“ಅತ್ತೆ, ಸ್ವಲ್ಪ ಕರಿ ನೋಡಿ.”

“ಏನು?”

“ಕರಿ, ಕರಿ! ಒಳಗೆ ಕೆಂಪಗದೆಯಾ, ಕಪ್ಪಾಗದೆಯಾ ನೋಡಿ ಹೇಳಿ.”

“ಮುಟ್ಬೇಡ ಅಂದಿದ್ದೆ?”

“ಅಯ್ಯೋ, ನೋಡೋಕ್ಕೇನು, ನೋಡಿ!”

“ಆಯ್ತು ಬುಡು. ಮುಚ್ಳ ತೆಗ್ದು ನೋಡ್ಬುಟ್ಟು ಹೇಳ್ತೀನಿ. ನಂಗೂ ಆಗ್ಲಿಂದ ಅನುಮಾನವೇ, ಬಾಡು ಸೀದಿರೋ ವಾಸ್ನೆ ಬತ್ತಾ ಅದೆ.”

ಮುಚ್ಚಳ! “ಅತ್ತೆ, ಬೇಡ! ಆ ಕರಿ ಅಲ್ಲ!” ಎಂದು ರಾಧಾಮಣಿ ಕಿರುಚಿದಳು. ಫೋನು ಆಗಲೇ ಕಡಿದುಹೋಗಿತ್ತು. ಮತ್ತೆ ಒತ್ತಿದಳು, ಹೋಗಲಿಲ್ಲ. ಕಾಡಿನ ಆ ತಿರುವಿನಲ್ಲಿ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಆಗಿದ್ದೇನೆಂದು ತಮಿಳುನಾಡಿಗೆ ಸೇರಿದ ಆ ಸುತ್ತಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತಮಿಳಿನಲ್ಲಿ ಕರಿ ಎಂದರೆ ಇದ್ದಿಲೂ ಹೌದು, ಬಾಡೂ ಹೌದು. ನಾಲಿಗೆ ಒಂಚೂರು ಬೇರೆ ತಿರುಗುತ್ತದೆ, ಅಷ್ಟೆ. ಇದ್ದಿಲ ಮಂಡಿಯಲ್ಲೂ ಬಳಗದಲ್ಲೂ ಕರಿ ಕರಿ ಎಂದು ಆಡಿ ಆಡಿ ರಾಧಾಮಣಿಯ ಬಾಯಿಗೆ ಅದೇ ಅಂಟಿತ್ತು. ರಾಯಕೋಟೆ ಸಂತೆಯಲ್ಲಿ ಮೂವತ್ತು ವರ್ಷ ಸೊಪ್ಪು ಮಾರಿದ ಪಾರ್ವತಮ್ಮನಿಗೆ ಕರಿ ಎಂದರೆ ಪಕ್ಕದ ಅಂಗಡಿಯವನು ತೂಗಿ ಕೊಡುತ್ತಿದ್ದ ಮಾಂಸ. ಕೆಂಪಗಿದೆಯೇ, ಕಪ್ಪಾಗಿದೆಯೇ ಎಂದು ಬೇರೆ ಕೇಳಿದ್ದಾಳೆ! ಮಾಂಸ ನೋಡಲು ಮುಚ್ಚಳ ತೆಗೆಯದೆ ಇನ್ನೇನು ಮಾಡುತ್ತಾರೆ?

‘ಇದ್ದಿಲು ಅನ್ನೋಕೆ ನನಗೇನು ರೋಗ ಬಂದಿತ್ತು!’ ರಾಧಾಮಣಿ ಹಣೆ ಚಚ್ಚಿಕೊಂಡಳು. ಒಲೆಗೆ ಬಗ್ಗಿದ ಅತ್ತೆಯ ಮುಖ, ಎಣ್ಣೆ ಹಚ್ಚಿದ ನರೆಗೂದಲು, ಸಿಂಥೆಟಿಕ್ ಸೀರೆಯ ಸೆರಗು ಕಣ್ಣಿಗೆ ಕಟ್ಟಿದವು. ಕುಮಾರೇಶನಾದರೋ ಗಟ್ಟಿಮುಟ್ಟಾದ ಗಂಡಸು, ಹಾರಿ ಅಷ್ಟರಲ್ಲೇ ತಪ್ಪಿಸಿಕೊಂಡ. ಅರವತ್ತೆಂಟರ ಹೆಂಗಸು ಹಾರಿ ಎಲ್ಲಿಗೆ ಹೋದಾಳು? ಪಕ್ಕದ ಮನೆ ಗಂಗಾದೇವಿಗೆ ಫೋನ್ ಒತ್ತಿದಳು. ಅದೂ ಹೋಗಲಿಲ್ಲ.

ಸ್ಕೂಟರನ್ನು ಲಾರಿಗಳ ಸಂದಿಯಲ್ಲಿ ನುಗ್ಗಿಸಿ ಹಗ್ಗದ ತನಕ ಬಂದಳು. ಅರಣ್ಯದ ವಾಚರ್ ಮುನಿಯಲ್ಲಪ್ಪ ಅಡ್ಡ ನಿಂತ.

“ಬುಡಣ್ಣ, ಮನೇಲಿ ನಮ್ಮತ್ತೆ ಸುಟ್ಕೊಂಡ್ಬುಡ್ತಾರೆ!”

“ಅಲ್ನೋಡಮ್ಮ, ಮರಿ ಆನೆ ಇನ್ನೂ ಈ ಕಡೇಲೇ ಅದೆ. ತಾಯಿ ನಿನ್ನ ಬುಡ್ತದಾ?”

“ಕಾಲಿಗೆ ಬೀಳ್ತೀನಿ ಕಣಣ್ಣ!”

ಮುನಿಯಲ್ಲಪ್ಪ ಸ್ಕೂಟರಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು, ಬೈದು ಅತ್ತಳು. ಎದುರಿಗೆ ಆನೆಗಳು ಯಾರಪ್ಪನ ಅವಸರವೂ ತಮಗಿಲ್ಲವೆಂಬಂತೆ ಒಂದೊಂದಾಗಿ ದಾಟುತ್ತಿದ್ದವು. ರಾಧಾಮಣಿಗೆ ಮಾತ್ರ ಒಂದೇ ಲೆಕ್ಕ: ಕುರ್ಚಿಯಿಂದ ಒಲೆಗೆ ಹತ್ತು ಹೆಜ್ಜೆ. ಬಳಗಕ್ಕೆಲ್ಲ ಪಾಠ ಹೇಳಿದ ಬಾಯಿ ಮನೆಯಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ, ಯಾಕೆಂದರೆ ಸಿಟ್ಟಿತ್ತು. ಮಡಿಕೆ ಅಂದಳಲ್ಲ ಎಂಬ ಸಿಟ್ಟು.

ಇಪ್ಪತ್ತೈದು ನಿಮಿಷದ ಮೇಲೆ ಹಗ್ಗ ಬಿಚ್ಚಿದರು. ಮುನಿಯಲ್ಲಪ್ಪ ಕೀಲಿ ಕೊಡುತ್ತಾ, “ನಿಧಾನವಾಗಿ ಹೋಗಮ್ಮ,” ಎಂದ. ಅವಳು ಹೇಗೆ ಹೋದಳೋ ಅವಳಿಗೇ ಗೊತ್ತಿಲ್ಲ.

ಮನೆಯ ತಿರುವಿನಲ್ಲೇ ನುಗ್ಗೆಮರದ ಮೇಲೆ ಕಪ್ಪು ಹೊಗೆ ಕಂಡಿತು. ಸ್ಕೂಟರನ್ನು ಅಂಗಳದಲ್ಲೇ ಕೆಡವಿ ಹಿತ್ತಲಿಗೆ ಓಡಿದಳು. ಒಲೆಯ ಮುಚ್ಚಳ ಬಾಯಿಬಿಟ್ಟುಕೊಂಡಿತ್ತು. ಒಳಗೆ ಬೆಂಕಿ ಧಗಧಗ ಉರಿಯುತ್ತಿತ್ತು. ಮೇಲಿನ ನುಗ್ಗೆ ಕೊಂಬೆಯ ಎಲೆಗಳು ಸುಟ್ಟು ಮುರುಟಿದ್ದವು. ಕುರ್ಚಿ ಮಗುಚಿ ಬಿದ್ದಿತ್ತು. ಪಾರ್ವತಮ್ಮ ಇರಲಿಲ್ಲ.

“ಅತ್ತೇ!”

“ಯಾಕೆ ಹಂಗೆ ಬಡ್ಕೊತೀಯ? ಇಲ್ಲೇ ಅವ್ನಿ.”

ನೀರಿನ ತೊಟ್ಟಿಯ ಹಿಂದಿನಿಂದ ಪಾರ್ವತಮ್ಮ ಎದ್ದು ಬಂದಳು. ರಾಧಾಮಣಿ ಓಡಿಹೋಗಿ ಅವಳ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹುಬ್ಬು ಇತ್ತು. ರೆಪ್ಪೆ ಇತ್ತು. ಕೂದಲೂ ಸೆರಗೂ ನೆಟ್ಟಗಿದ್ದವು. ಕೈಯಲ್ಲಿ ನುಗ್ಗೆಕಾಯಿ ಕೀಳುವ ಉದ್ದನೆಯ ದೋಟಿ ಇತ್ತು. ಅದರ ತುದಿ ಒಂದು ಮೊಳ ಸುಟ್ಟು ಕರಕಲಾಗಿತ್ತು.

“ದೋಟೀಲಿ ತೆಗೆದ್ರಾ?”

“ಮತ್ತೆ? ಮುಟ್ಬೇಡ ಅಂದಿದ್ದೆಯಲ್ಲ,” ಎಂದಳು ಪಾರ್ವತಮ್ಮ. “ನೋಡು ಅಂದೆ, ಮುಟ್ಟು ಅಂತ ಹೇಳ್ನಿಲ್ಲ. ಇವಳ ಒಲೆ ನಾನ್ಯಾಕೆ ಮುಟ್ಲಿ ಅಂತ ದೂರದಿಂದ ಕೊಕ್ಕೆ ಹಾಕಿ ಎತ್ತಿದೆ. ಯಪ್ಪಾ! ಭಗ್ ಅಂತ ಮರದುದ್ದ ಎದ್ಬುಡ್ತು ಕಣೆ! ಆಮೇಲೆ ಮುಚ್ಚೋಕೂ ಧೈರ್ಯ ಬರ್ನಿಲ್ಲ, ತೊಟ್ಟಿ ಹಿಂದೆ ಕೂತ್ಬುಟ್ಟೆ.”

ರಾಧಾಮಣಿ ಅಲ್ಲೇ ನೆಲದ ಮೇಲೆ ಕೂತು, ಅತ್ತೆಯ ಸೆರಗು ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಸಿಟ್ಟಿಗೆ ತಾನಾಡಿದ ‘ಮುಟ್ಬೇಡಿ’ ಎಂಬ ಮಾತು ಅತ್ತೆಯ ಮುಖ ಉಳಿಸಿತ್ತು. ಅದು ಅವಳಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ನಾಚಿಕೆ ತಂದಿತು.

“ತಪ್ಪಾಯ್ತು ಅತ್ತೆ. ನಾ ಕೇಳಿದ್ದು ಇದ್ದಿಲು. ಬಾಡಲ್ಲ.”

ಪಾರ್ವತಮ್ಮ ಸೆರಗು ಬಿಡಿಸಿಕೊಂಡಳು. “ಈ ಒಲೆ ಬಂದಾಗ್ಲಿಂದ ಮುಟ್ಬೇಡಿ, ಮುಟ್ಬೇಡಿ. ನಾಯಿಗೆ ಹೇಳ್ದಂಗೆ. ಯಾಕೆ ಮುಟ್ಬಾರ್ದು ಅಂತ ಒಂದಿನ ಹೇಳಿದ್ಯಾ? ಐವತ್ತು ವರ್ಷ ಒಲೆ ಮುಂದೆ ಕೂತವಳು ಕಣೆ ನಾನು. ಹೇಳಿದ್ರೆ ತಿಳೀತಿರ್ಲಿಲ್ವಾ?”

ರಾಧಾಮಣಿ ಕಣ್ಣೊರೆಸಿಕೊಂಡು ಎದ್ದಳು.

ಹೊತ್ತು ಹನ್ನೆರಡೂವರೆ ದಾಟಿತ್ತು. ಇಬ್ಬರೂ ಒಲೆಯ ಹತ್ತಿರ ಹೋದರು. ಬೆಳಗಿನಿಂದ ಕಾದು ಬೇಯಿಸಿದ ಮೇಕೆಯ ತೊಡೆ ಕಗ್ಗಲ್ಲಿನ ಹಾಗೆ ಕೂತಿತ್ತು. ಪಾರ್ವತಮ್ಮ ದೋಟಿಯಿಂದ ಅದನ್ನು ಕುಟ್ಟಿದಳು. ಟಣ್ ಎಂದಿತು.

“ಯಾವ ಕರಿ ಅಂತ ಕೇಳಂಗೇ ಇಲ್ಲ ಈಗ,” ಎಂದಳು. “ಎರಡೂ ಒಂದೇ ಆಗೋಗವೆ.”

ರಾಧಾಮಣಿಗೆ ಅಳುವಿನ ನಡುವೆಯೇ ನಗು ಬಂತು. ಸುಟ್ಟ ತೊಡೆಯನ್ನು ತೆಗೆದಿಟ್ಟು, ಮುಚ್ಚಳ ಇಳಿಸಿ, ಕಿಂಡಿಗಳನ್ನು ಮುಚ್ಚಿದಳು. ಕಾವು ಇಳಿಯಬೇಕು, ಬಳಗದವರು ತರುವ ಕೋಳಿಯನ್ನಾದರೂ ಮಾಡಬೇಕು. ಸ್ವಲ್ಪ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಬಳಗದ ಚಂದ್ರಲೇಖಾ ಗೇಟಿನಿಂದಲೇ ಕೂಗಿದಳು, “ರಾಧಾ, ಎಷ್ಟು ಘಮಘಮ ಅಂತಿದೆ! ತೊಡೆ ಆಯ್ತಾ?”

ರಾಧಾಮಣಿ ಅತ್ತೆಯ ಕೈಯಿಂದ ದೋಟಿ ತೆಗೆದು ಮರಕ್ಕೆ ಒರಗಿಸಿದಳು. ಆ ಒರಟು ಕೈಯನ್ನು ಹಿಡಿದು ಮುಚ್ಚಳದ ಹಿಡಿಯ ಮೇಲೆ ಇಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟಳು.

“ಮುಟ್ಟಿ ಅತ್ತೆ. ಪಕ್ಕಕ್ಕೆ ನಿಂತ್ಕೊಳಿ. ಎರಡೇ ಬೆರಳು ಎತ್ಬೇಕು. ಈಗ ಹತ್ತು ಎಣಿಸಿ.”

ಮುಚ್ಚಳದ ಸಂದಿಯಿಂದ ಉಸ್ಸೆಂದು ಹೊಗೆ ಬಂತು. ಪಾರ್ವತಮ್ಮ ಹೆದರಿ ಕೈ ಹಿಂದೆಳೆದುಕೊಳ್ಳಲು ನೋಡಿದಳು. ಸೊಸೆ ಬಿಡಲಿಲ್ಲ.

“ಏನಿದು?”

“ತೇಗು.”

“ಥೂ, ಮಗಾನ ಹೆಗಲಿಗಾಕ್ಕೊಂಡು ತೇಗಿಸಿದಂಗೆ,” ಎಂದಳು ಪಾರ್ವತಮ್ಮ. “ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?” ಎನ್ನುತ್ತಾ ಕೈ ತೆಗೆಯದೆ ಒಂದರಿಂದ ಗಟ್ಟಿಯಾಗಿ ಎಣಿಸತೊಡಗಿದಳು.