ಮೇಸ್ತ್ರಿಯ ಬೆರಳು

"ನನ್ನ ಹೆಸರಲ್ಲಿ ಒಂಬತ್ತು ಗೋಲು ತಿಂದ್ಯಲ್ಲೇ, ಹಾಳಾದೋಳೇ! ಒಂಬತ್ತು! ನನ್ನ ಹೆಂಡ್ತಿ ತವರಿನೋರೆಲ್ಲ ರೇಡಿಯೋ ಮುಂದೆ ಕೂತು ಎಣಿಸಿದಾರೆ. ಇನ್ನು ಆ ಮನೆಗೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮೇಲಿನ ಮಹಡಿಯ ಕಿಂಡಿಯಲ್ಲಿ ನಿಂತು ಬೈಯುತ್ತಲೇ ಮೇಸ್ತ್ರಿ ಒದ್ದೆ ಬೆಡ್‌ಶೀಟುಗಳ ಗಂಟೊಂದನ್ನು ಕೆಳಕ್ಕೆ ದಬ್ಬಿದ. ಕೆಳಗೆ ಅಂಗಳದಲ್ಲಿದ್ದ ಬುಟ್ಟಿ ಎಂಬ ಹುಡುಗಿ ಹಿಂದೆ ಸರಿದು, ಮಂಡಿ ಬಗ್ಗಿಸಿ, ಗಂಟನ್ನು ಎದೆಗವಚಿಕೊಂಡಳು. ನೀರು ಮುಖಕ್ಕೆ ರಾಚಿತು. ಗಂಟು ನೆಲಕ್ಕೆ ಬಿದ್ದರೆ ಅಷ್ಟನ್ನೂ ಮತ್ತೆ ಒಗೆಯಬೇಕು, ಅದರ ಖರ್ಚು ಅವಳ ಕೂಲಿಯಲ್ಲಿ ಮುರಿದುಹೋಗುತ್ತಿತ್ತು. ಲಿಫ್ಟು ಕೆಟ್ಟು ಕೂತಂದಿನಿಂದ ಆ ಲಾಂಡ್ರಿಗೆ ಅವಳೇ ಲಿಫ್ಟು. ಊರಿನ ಆಸ್ಪತ್ರೆಗಳ ಕೊಳೆಯೆಲ್ಲ ಮೇಲೆ ಬೆಂದು, ಹಿಂಡಿಸಿಕೊಂಡು, ಆ ಕಿಂಡಿಯಿಂದ ಅವಳ ಎದೆಗೆ ಬಂದು ಬೀಳುತ್ತಿತ್ತು. ಗೋಲು ಕಾಯುವುದನ್ನು ಅವಳಿಗೆ ಬೇರೆ ಯಾರೂ ಕಲಿಸಿರಲಿಲ್ಲ.

"ಬೇಕೂಂತ ಬಿಟ್ನಾ ಮೇಸ್ತ್ರಿ? ಅವರು ಒದೆಯೋದು ಚೆಂಡಲ್ಲ, ಗುಂಡು."

"ಎದುರು ಮಾತು ಬೇರೆ! ತಗೋ, ಇದನ್ನ ಹಿಡಿ!"

ಅವನ ಸಿಟ್ಟಿಗೂ ಒಂದು ಕಾರಣ ಇತ್ತೆನ್ನಬೇಕು. ಲಾಂಡ್ರಿಯ ಹೆಂಗಸರು ಫುಟ್‌ಬಾಲಿನ ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದಾಗ ಬೆನ್ನ ಮೇಲೆ ಬರೀ ಅಂಕಿ ಇದ್ದರೆ ಸಾಕಿತ್ತು. ಯಾರೂ ನಿರೀಕ್ಷಿಸದೆ, ಧಣಿಯಂತೂ ಸ್ವಲ್ಪವೂ ಇಷ್ಟಪಡದೆ, ಅವರು ಗೆದ್ದು ಗೆದ್ದು ಮೇಲಿನ ದರ್ಜೆಗೆ ಬಂದುಬಿಟ್ಟರು. ಎಲ್ಲ ಆಟಗಾರರ ಬೆನ್ನ ಮೇಲೂ ಹೆಸರಿರಬೇಕು ಎಂಬುದು ಅಲ್ಲಿನ ನಿಯಮ. ಹೆಸರಿರಬೇಕು ಎಂದಿತ್ತೇ ಹೊರತು ಯಾರ ಹೆಸರು ಎಂದಿರಲಿಲ್ಲ. ಧಣಿ ಹಿಂದೊಮ್ಮೆ ಶೋಕಿಗೆ ಲಾಂಡ್ರಿಯ ಗಂಡಸರದೊಂದು ತಂಡ ಕಟ್ಟಿದ್ದ. ಅದು ಆಡಿದ್ದಕ್ಕಿಂತ ಹೊಡೆದಾಡಿದ್ದೇ ಹೆಚ್ಚಾಗಿ ಮುಚ್ಚಿಹೋಗಿತ್ತು, ಅಂಗಿಗಳು ಮಾತ್ರ ಮಡಿಕೆ ಬಿಚ್ಚದೆ ಗೋದಾಮಿನಲ್ಲಿದ್ದವು. "ಹೆಸರು ಹೆಸರೇ ಅಲ್ವೇನ್ರೇ? ಹಾಕ್ಕೊಳಿ," ಎಂದು ಅವನ್ನೇ ಹಂಚಿಸಿದ. ಗೋಲು ಕಾಯುವ ಬುಟ್ಟಿಗೆ ಬಂದ ಗೋಲಿ ಅಂಗಿ ಧಣಿಯ ಬಾಮೈದನದು. ಅವನೇ ಈ ಮೇಸ್ತ್ರಿ.

ಅಂದಿನಿಂದ ಹೆಂಗಸರ ಬೆನ್ನಿಗೆ ಗಂಡಸರು ಅಂಟಿಕೊಂಡರು. ರೇಡಿಯೋದವನು ಬೆನ್ನು ನೋಡಿ ಹೆಸರು ಹೇಳುತ್ತಿದ್ದ. ಹಾರಿದರು, ಬಿದ್ದರು, ಎದ್ದರು ಎಂದು ಎಲ್ಲರಿಗೂ ಬಹುವಚನ ಕೊಡುವ ಸಭ್ಯ ಮನುಷ್ಯನಾದ್ದರಿಂದ ಕೇಳುವವರಿಗೆ ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಪೇಪರಿನವರೂ ಹಾಗೇ ಬರೆದರು. ಇಸ್ತ್ರಿ ಅಕ್ಕ ತಂಡದ ನಾಯಕಿ, ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಕಾಲು ಕಂಬವಾದ ಹೆಂಗಸು. ಅವಳು ಒಬ್ಬಳನ್ನು ಕೆಡವಿ ಹಳದಿ ಚೀಟಿ ತಿಂದ ಮರುದಿನ, ಅವಳ ಬೆನ್ನ ಮೇಲಿನ ಹೆಸರಿನ ಬಾಯ್ಲರಿನವನು ಅಳುಮೋರೆ ಮಾಡಿಕೊಂಡು ಬಂದ.

"ಅಕ್ಕಾ, ನಿನ್ನ ದಮ್ಮಯ್ಯ, ಯಾರಿಗೂ ಅಡ್ಡಗಾಲು ಕೊಡ್ಬೇಡ. ಹೆಣ್ಣುಮಕ್ಕಳ ಕಾಲಿಗೆ ಕಾಲು ಕೊಟ್ರಂತಲ್ಲಾಂತ ನನ್ನ ಹೆಂಡ್ತಿ ಮಾತೇ ಬಿಟ್ಟಿದಾಳೆ."

"ಅಲ್ಲಿ ಆಡಿದ್ದು ನಾನು ಅಂತ ಹೇಳೋ."

"ಹೇಳ್ದೆ. ಹಾಗಾದ್ರೆ ಆ ಹೆಂಗಸಿಗೆ ನಿಮ್ಮ ಹೆಸರು ಯಾಕ್ರೀ ಬಂತು ಅಂತ ಜೋರಾಗಿ ಅಳೋಕೆ ಶುರು ಮಾಡಿದಳು."

ಎಲ್ಲರೂ ನಕ್ಕರು. ಬುಟ್ಟಿಗೆ ನಗು ಬರಲಿಲ್ಲ. ಅವಳ ಮನೆಯಲ್ಲೂ ಒಂದು ರೇಡಿಯೋ ಇತ್ತು.

ಬುಟ್ಟಿಯ ಅಮ್ಮ ಅದೇ ಲಾಂಡ್ರಿಯಲ್ಲಿ ಗುರುತು ಹಾಕುವವಳಾಗಿದ್ದಳು. ಒಗೆಯಲು ಬಂದ ಒಂದೊಂದು ಬಟ್ಟೆಯ ಅಂಚಿಗೂ, ಅದು ಯಾವ ಆಸ್ಪತ್ರೆಯದು, ಯಾವ ವಾರ್ಡಿನದು ಎಂದು, ಕುದಿಸಿದರೂ ಹೋಗದ ಕಪ್ಪು ಶಾಯಿಯಲ್ಲಿ ಬರೆಯುವ ಕೆಲಸ. ಮಗಳು ಹುಟ್ಟಿದ ಮೇಲೂ ರಜೆ ಸಿಗದೆ, ಕೂಸನ್ನು ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿಕೊಂಡು ಬರೆದಿದ್ದಳು. ಬುಟ್ಟಿ ಎಂಬ ಹೆಸರು ಬಂದದ್ದು ಹಾಗೆ. ಬೇರೆ ಹೆಸರಿಡಲು ಯಾರಿಗೂ ಬಿಡುವಾಗಲಿಲ್ಲ. ಈಗ ಅಮ್ಮ ಸೊಂಟ ಬಿದ್ದು, ಒಂದೇ ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಮಲಗಿಯೇ ಇರುತ್ತಿದ್ದಳು. ಉಗುರಿನ ಸಂದಿಯ ಶಾಯಿ ಮಾತ್ರ ಇನ್ನೂ ಹೋಗಿರಲಿಲ್ಲ.

"ಇವತ್ತೂ ಕೇಳ್ದೆ," ಎಂದಳು ಅಮ್ಮ, ಗೋಡೆ ನೋಡುತ್ತಾ. "ಹನ್ನೊಂದು ಗಂಡಸ್ರ ಹೆಸ್ರು ಬಂತು. ನಿನ್ನದು ಬರ್ಲಿಲ್ಲ."

"ಎಷ್ಟು ಸಲ ಹೇಳ್ಲಿ ಅಮ್ಮಾ? ಮೇಸ್ತ್ರಿ ಹೆಸ್ರು ಹೇಳ್ತಾರಲ್ಲ, ಅದೇ ನಾನು."

"ಮೇಸ್ತ್ರಿ ಹೇಗೆ ನೀನಾಗ್ತೀಯೇ? ನಾನು ಮಲಗಿದೀನಿ, ನಿಜ. ಬುದ್ಧಿ ಮಲಗಿಲ್ಲ." ದನಿ ತಗ್ಗಿಸಿದಳು. "ಭಾನುವಾರ ಭಾನುವಾರ ನೀನು ಎಲ್ಲಿಗೆ ಹೋಗ್ತೀಯ, ನಿಜ ಹೇಳು. ಬೈಯಲ್ಲ."

ಬುಟ್ಟಿ ಅಮ್ಮನ ಕಾಲು ತಿಕ್ಕುತ್ತಾ ಕೂತಳು. ಒಂದು ಸಲ, ಒಂದೇ ಒಂದು ಸಲ ಆ ರೇಡಿಯೋ ಬುಟ್ಟಿ ಅಂದರೆ ಸಾಕು ಅನ್ನಿಸಿತು.

ತಂಡದವರು ಸೋಲುತ್ತಾ ಹೋದರು. ಏಳು, ಐದು, ಆಮೇಲೆ ನಾಲ್ಕು. ಎದುರಿನ ತಂಡಗಳ ಹುಡುಗಿಯರು ಆಟಕ್ಕೆ ಮುಂಚೆ ಹಾಸಿಗೆಯ ಮೇಲೆ ಮಲಗಿ ಮೈ ತಿಕ್ಕಿಸಿಕೊಂಡು ಬರುತ್ತಿದ್ದರು. ಇವರು ಬೆಳಗಿನ ಪಾಳಿ ಮುಗಿಸಿ, ಬೆಡ್‌ಶೀಟು ಸಾಗಿಸುವ ವ್ಯಾನಿನಲ್ಲಿ ಗಂಟುಗಳ ನಡುವೆ ಕೂತು ಬರುತ್ತಿದ್ದರು. ಆದರೂ ಗುಂಡಿನಂತೆ ಬರುತ್ತಿದ್ದ ಚೆಂಡು ಬುಟ್ಟಿಯ ಕಣ್ಣಿಗೆ ಮೆಲ್ಲಮೆಲ್ಲಗೆ ಬಟ್ಟೆಯ ಗಂಟಿನಂತೆ ಕಾಣತೊಡಗಿತು. ಮಳೆ ಬಂದ ಒಂದು ದಿನ, ಚೆಂಡು ನೆನೆದು ಥೇಟ್ ಒದ್ದೆ ಬೆಡ್‌ಶೀಟಿನಷ್ಟೇ ಭಾರವಾಗಿದ್ದಾಗ, ಬುಟ್ಟಿ ಒಂದನ್ನೂ ಬಿಡಲಿಲ್ಲ. ಸೊನ್ನೆಗೆ ಸೊನ್ನೆ. ಕೊನೆಯದನ್ನು ತಡೆದಾಗ ಬಲಗೈಯ ತೋರುಬೆರಳು ಲಟಕ್ಕೆಂದಿತು.

ಮೈದಾನದ ಪಕ್ಕದ ಕೋಣೆಯಲ್ಲಿ ಡಾಕ್ಟರಿದ್ದರು. ಸಂಜೆ ಪಾಳಿಗೆ ಇವಳು ತಪ್ಪಿಸಿಕೊಂಡಾಳೆಂದು ಮೇಸ್ತ್ರಿ ಬೆನ್ನ ಹಿಂದೆಯೇ ಬಂದಿದ್ದ. ಡಾಕ್ಟರು ಕನ್ನಡಕ ಏರಿಸಿ ಅವಳ ಅಂಗಿಯ ಬೆನ್ನು ಓದಿ, ಗಟ್ಟಿಯಾಗಿ ಹೆಸರು ಕರೆದರು.

"ನಾನೇ ಸಾರ್," ಎಂದ ಮೇಸ್ತ್ರಿ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ.

"ಬನ್ನಿ, ಕೂತ್ಕೊಳ್ಳಿ. ಯಾವ ಬೆರಳು?"

"ಇದು," ಎಂದು ಬುಟ್ಟಿ ತನ್ನ ಬೆರಳು ತೋರಿಸಿದಳು. ಅದಾಗಲೇ ಬದನೆಕಾಯಿಯಂತೆ ಊದಿತ್ತು.

ಡಾಕ್ಟರು ಮೇಸ್ತ್ರಿಯ ಬಲಗೈಯ ತೋರುಬೆರಳು ಹಿಡಿದುಕೊಂಡರು. "ನೋಯುತ್ತಾ?"

"ಇಲ್ಲ ಸಾರ್."

"ಮರಗಟ್ಟಿದೆ. ಅದೇ ಅಪಾಯ."

"ಸಾರ್, ಮುರಿದಿರೋದು ನಂದು," ಎಂದಳು ಬುಟ್ಟಿ.

"ನೀವು ಯಾರಮ್ಮಾ?"

"ಗೋಲಿ ಸಾರ್. ಈ ಅಂಗೀಲಿ ಇರೋಳು."

"ಅಂಗಿ ಮೇಲಿರೋ ಹೆಸರು ನಿಮ್ಮದಾ?"

"ಅಲ್ಲ ಸಾರ್. ಬೆರಳು ನಂದು."

"ಬೆರಳಿನ ಮೇಲೆ ಹೆಸರಿದೆಯಾ? ಅಂಗಿ ಮೇಲಿದೆ. ಇಲ್ಲಿ ಆಟಗಾರರಿಗೆ ಮಾತ್ರ ಚಿಕಿತ್ಸೆ. ದಾರೀಲಿ ಹೋಗೋರ ಬೆರಳೆಲ್ಲ ನಾನು ಕಟ್ತಾ ಕೂರೋಕಾಗುತ್ತಾ?"

ಎತ್ತು ಈಯಿತು ಅಂದರೆ ಕರು ಕಟ್ಟು ಅಂದರಂತೆ. ಮೇಸ್ತ್ರಿಯ ಗಟ್ಟಿಮುಟ್ಟಾದ ಬೆರಳಿಗೆ ಡಾಕ್ಟರು ಹತ್ತಿ ಸುತ್ತಿ, ಪ್ಲಾಸ್ಟರು ಹಾಕಿ, ಭಾರ ಎತ್ತಬಾರದು, ಪೂರ್ತಿ ವಿಶ್ರಾಂತಿ ಎಂದು ಬೆನ್ನು ತಟ್ಟಿ ಕಳಿಸಿದರು. ಮೊದಲು ಪೆಚ್ಚಾಗಿದ್ದ ಮೇಸ್ತ್ರಿ ಬಾಗಿಲು ದಾಟುವ ಹೊತ್ತಿಗೆ ಕುಂಟತೊಡಗಿದ್ದ. ಬೆರಳಿಗೆ ಪೆಟ್ಟಾದರೆ ಕುಂಟುವುದೇಕೆಂದು ಕೇಳುವವರು ಅಲ್ಲಿರಲಿಲ್ಲ.

ಇಸ್ತ್ರಿ ಅಕ್ಕ ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದನ್ನು ಎರಡು ಹೋಳು ಮಾಡಿ ಬುಟ್ಟಿಯ ಬೆರಳಿನ ಆಚೆಗೊಂದು ಈಚೆಗೊಂದು ಇಟ್ಟು ಚಿಂದಿ ಸುತ್ತಿದಳು. "ಹಲ್ಲು ಕಚ್ಕೋ ಮಗಳೇ. ಆ ಮುಂಡೇಗಂಡನ ಬೆರಳು ಕೊಳೆತು ಬಿದ್ದುಹೋಗ." ಅಂದೇ ಸಂಜೆ ಮೇಸ್ತ್ರಿ ವಿಶ್ರಾಂತಿಗೆ ಮನೆಗೆ ಹೋದ. ಬುಟ್ಟಿ ಕಿಂಡಿಯ ಕೆಳಗೆ ನಿಂತು, ಒಂದು ಬೆರಳು ಎತ್ತಿಕೊಂಡು, ಗಂಟು ಹಿಡಿದಳು.

ಆಮೇಲೆ ಅವಳು ಹಿಡಿದದ್ದಕ್ಕೆಲ್ಲ ಮೇಸ್ತ್ರಿಗೆ ಹೆಸರು ಬಂತು. ಪೇಪರಿನಲ್ಲಿ ಅವನ ಪ್ಲಾಸ್ಟರಿನ ಚಿತ್ರ ಬಂತು: ಮುರಿದ ಬೆರಳಲ್ಲೇ ಆಡುವ ಧೀರರು. ಚಪ್ಪಲಿ ಅಂಗಡಿಯೊಂದರ ರಿಬ್ಬನ್ನು ಅವನಿಂದಲೇ ಕತ್ತರಿಸಿದರು, ಎಡಗೈಯಲ್ಲಿ. ಒಂದೆರಡು ಆಟ ಗೆದ್ದೂಬಿಟ್ಟರು. ಕೊನೆಯ ಆಟದಲ್ಲಿ ಸೋಲದಿದ್ದರೆ ಮೇಲಿನ ದರ್ಜೆಯಲ್ಲೇ ಉಳಿಯಬಹುದು ಎನ್ನುವಲ್ಲಿಗೆ ಬಂತು. ಉಳಿದರೆ ಬಾಮೈದನನ್ನು ಇಡೀ ಲಾಂಡ್ರಿಗೆ ಮ್ಯಾನೇಜರ್ ಮಾಡುತ್ತೇನೆಂದು ಧಣಿ ಘೋಷಿಸಿದ.

ಆ ವಾರ ಬುಟ್ಟಿ ತನ್ನ ಬೆರಳಿನ ಚಿಂದಿ ಬಿಚ್ಚಿ ಅಮ್ಮನಿಗೆ ತೋರಿಸಿದಳು. ಮೂಳೆ ತಪ್ಪಾಗಿ ಕೂಡಿಕೊಂಡು ಬೆರಳು ನೆಟ್ಟಗೆ ಸೆಟೆದಿತ್ತು, ಮಡಚುತ್ತಿರಲಿಲ್ಲ. ಅಮ್ಮ ಅದನ್ನು ಹಿಡಿದು, ಉಗುರಿನಿಂದ ಬುಡದವರೆಗೆ ಸವರಿದಳು. ಬೆರಳು ಮುರಿದ ಆಟಗಾರನ ಕಥೆಯನ್ನು ಅವಳು ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದಳು.

"ಇದಾ ಅದು?"

"ಹೂಂ."

ಅಮ್ಮ ಚಿಂದಿಯನ್ನು ತಾನೇ ಮತ್ತೆ ಬೆರಳಿಗೆ ಸುತ್ತಿದಳು. ಆಮೇಲೆ, "ಮಂಚದ ಕೆಳಗೆ ಶಾಯಿ ಸೀಸೆ ಇರ್ಬೇಕು, ನೋಡು," ಎಂದಳು. "ಬರೆಯೋ ಕಡ್ಡಿನೂ ಅಲ್ಲೇ ಇದೆ. ಹಾಗೇ ಆ ಇಸ್ತ್ರಿ ಮಾಡೋಳಿಗೆ ಹರಿದ ಬೆಡ್‌ಶೀಟ್ ತರೋಕೆ ಹೇಳು. ಎಲ್ಲರಿಗೂ ಆಗೋವಷ್ಟು."

ಭಾನುವಾರ ಮಧ್ಯಾಹ್ನ ಹನ್ನೊಂದು ಹೆಂಗಸರು ಗಂಡಸರ ಅಂಗಿಯ ಒಳಗೆ ಬೆಡ್‌ಶೀಟಿನಲ್ಲಿ ಹೊಲಿದ ತಮ್ಮ ತಮ್ಮ ಬಿಳಿ ಅಂಗಿ ತೊಟ್ಟು ಮೈದಾನಕ್ಕಿಳಿದರು. ಆಟ ಮುಗಿದ ಮೇಲೆ ಮೇಲಿನದನ್ನು ಬಿಚ್ಚಿ ಒಂದು ಫೋಟೋ ತೆಗೆಸಿಕೊಳ್ಳುವುದು, ಅಷ್ಟೇ ಮಾತಾಗಿದ್ದದ್ದು. ಅದಕ್ಕಿಂತ ಹೆಚ್ಚಿಗೆ ಯಾರೂ ಯೋಚಿಸಿರಲಿಲ್ಲ. ಬುಟ್ಟಿಯಂತೂ ಸೆಖೆಗೆ ಬೆಂದುಹೋಗಿದ್ದಳು.

ಸೊನ್ನೆಗೆ ಸೊನ್ನೆ ನಡೆದಿತ್ತು. ಆಟ ಇನ್ನೇನು ಮುಗಿಯಿತು ಎನ್ನುವಾಗ ಇಸ್ತ್ರಿ ಅಕ್ಕನ ಕೈಗೆ ಚೆಂಡು ತಗುಲಿತು. ರೆಫರಿ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಗ್ಯಾಲರಿಯಲ್ಲಿ ಧಣಿ ತಲೆಯ ಮೇಲೆ ಕೈ ಹೊತ್ತ. ಕೋಟು ಹೊಲಿಸಿಕೊಂಡು ಬಂದಿದ್ದ ಮೇಸ್ತ್ರಿ ಗೆರೆಯ ಹತ್ತಿರಕ್ಕೆ ಓಡಿಬಂದು, ಪ್ಲಾಸ್ಟರಿನ ಬೆರಳು ಆಡಿಸುತ್ತಾ ಕಿರುಚಿದ:

"ಬಿಟ್ರೆ ಸಿಗಿದುಹಾಕ್ತೀನಿ ನೋಡು! ನನ್ನ ಹೆಸ್ರು ಕಾಪಾಡೇ, ಲೌಡೀ! ನನ್ನ ಹೆಸ್ರು!"

ಬುಟ್ಟಿ ಅವನನ್ನು ನೋಡಿದಳು. ಮೇಲಿನ ಕಿಂಡಿಯಲ್ಲಿ ಅವನನ್ನು ತಲೆಯೆತ್ತಿ ನೋಡಿ ಅಭ್ಯಾಸವಾಗಿದ್ದವಳಿಗೆ ಸಮನೆಲದಲ್ಲಿ ಅವನು ಬಹಳ ಗಿಡ್ಡಗೆ ಕಂಡ. ಅವನ ಹೆಸರು ತಾನೇ, ಅವನೇ ಕಾಪಾಡಿಕೊಳ್ಳಲಿ ಅನ್ನಿಸಿತು. ಅನ್ನಿಸಿದ್ದೇ ತಡ ಕೈ ಅಂಗಿಯ ಅಂಚಿಗೆ ಹೋಗಿತ್ತು.

ಅಂಗಿ ಬಿಚ್ಚಿ, ಒಮ್ಮೆ ಕೊಡವಿ, ಮಡಿಕೆ ಬೀಳದಂತೆ ಎಳೆದು, ಗೋಲಿನ ಬಲೆಯ ನಟ್ಟನಡುವೆ ಇಟ್ಟು, ಚಡ್ಡಿಯ ಜೇಬಿನಿಂದ ಎರಡು ಕ್ಲಿಪ್ಪು ತೆಗೆದು ಸಿಕ್ಕಿಸಿದಳು. ಲಾಂಡ್ರಿಯವರ ಜೇಬಿನಲ್ಲಿ ಕ್ಲಿಪ್ಪು ಇಲ್ಲದ ದಿನವಿಲ್ಲ. ಆಮೇಲೆ ಕಂಬದ ಆಚೆ ಹೋಗಿ ಹುಲ್ಲಿನ ಮೇಲೆ ಕೂತಳು.

ರೆಫರಿ ಓಡಿಬಂದ. "ಏನಮ್ಮಾ ಇದು? ಗೋಲಿ ಎಲ್ಲಿ?"

"ಒಳಗೇ ಇದ್ದಾರಲ್ಲ ಸಾರ್. ಹೆಸರು ಓದ್ಕೊಳ್ಳಿ."

"ಮತ್ತೆ ನೀವು?"

"ನಾನು ದಾರೀಲಿ ಹೋಗೋಳು ಸಾರ್."

ರೆಫರಿ ಬಲೆಯ ಹತ್ತಿರ ಹೋಗಿ ಹೆಸರು ಓದಿದ. ಜೇಬಿನಿಂದ ನಿಯಮದ ಪುಸ್ತಕ ತೆಗೆದು ತಿರುವಿದ. ಅವನಿಗೂ ಪಾಪ, ಹೆಂಡತಿ ಮಕ್ಕಳಿರಬೇಕು. ಅಷ್ಟರಲ್ಲಿ ಇಸ್ತ್ರಿ ಅಕ್ಕ ನಿಧಾನವಾಗಿ ನಡೆದುಬಂದು ಬಾಯ್ಲರಿನವನನ್ನು ಬಿಚ್ಚಿ ಬಲೆಗೆ ಸಿಕ್ಕಿಸಿದಳು. ಅವಳ ಹಿಂದೆ ಉಳಿದವರು. ಯಾರೂ ಅವಸರ ಮಾಡಲಿಲ್ಲ. ದಿನಾ ಮಾಡುವ ಕೆಲಸ. ಗಾಳಿಗೆ ಹನ್ನೊಂದು ಗಂಡಸರೂ ಗೋಲಿನೊಳಗೆ ತೋಳು ಬೀಸಿದರು. ಗ್ಯಾಲರಿಯಲ್ಲಿ ಯಾರೋ ನಕ್ಕರು, ಆಮೇಲೆ ಇಡೀ ಗ್ಯಾಲರಿ ನಕ್ಕಿತು, ಆಮೇಲೆ ಹೊರಗೆ ಸಾಲಾಗಿ ಕೂತ ಬಿಳಿ ಅಂಗಿಗಳ ಬೆನ್ನು ನೋಡಿ ಸದ್ದು ಅಡಗಿತು.

ಗೋಲಿನ ಹಿಂದೆ ಗೇಟು ಕಾಯುವವನ ರೇಡಿಯೋ ಒದರುತ್ತಿತ್ತು. ಅದರೊಳಗಿನ ಸಭ್ಯ ಮನುಷ್ಯ ಮೊದಲ ಬಾರಿಗೆ ತೊದಲಿದ. "ಕೇಳುಗರೇ... ಆಟಗಾರರೆಲ್ಲ ಗೋಲಿನ ಒಳಗಿದ್ದಾರೆ. ಅಂದರೆ, ನೇತಾಡುತ್ತಿದ್ದಾರೆ. ಹೊರಗೆ ಕೆಲವು ಹೆಂಗಸರು ಕೂತಿದ್ದಾರೆ. ಅವರ ಬೆನ್ನ ಮೇಲೂ ಕಪ್ಪಗೆ ಏನೋ ಬರೆದಿದೆ. ತುದಿಯಲ್ಲಿ ಕೂತವರದು... ತಡೀರಿ, ಓದುತ್ತೇನೆ... ಬು... ಬುಟ್ಟಿ. ಹೌದು, ಬುಟ್ಟಿ ಎಂದಿದೆ. ಬುಟ್ಟಿಯವರು ಕೂತಿದ್ದಾರೆ."

ಬುಟ್ಟಿ ಕಣ್ಣು ಮುಚ್ಚಿದಳು. ಕಿಟಕಿಯ ಪಕ್ಕದ ಮಂಚ ಕಂಡಿತು.

ಕಣ್ಣು ಬಿಟ್ಟಾಗ ಧಣಿ ಗ್ಯಾಲರಿಯಿಂದ ಇಳಿದುಬಂದು ಬಾಮೈದನ ಕೊರಳಪಟ್ಟಿ ಹಿಡಿದಿದ್ದ. "ನಿಂತ್ಕೊಳ್ಳೋ! ನಿನ್ನ ಹೆಸ್ರಲ್ವೇನೋ? ಹೋಗಿ ನಿಂತ್ಕೋ!"

"ಭಾವಾ, ಬೆರಳು..."

"ಬೆರಳಿಗೆ ಬೆಂಕಿ ಬಿತ್ತು! ನಡಿ!"

ಕೋಟು ತೊಟ್ಟ ಮೇಸ್ತ್ರಿ ಗೋಲಿನೊಳಗೆ ಹೋಗಿ, ತನ್ನ ಹೆಸರಿನ ಮುಂದೆ, ಪ್ಲಾಸ್ಟರಿನ ಬೆರಳು ಮುಂದೆ ಚಾಚಿಕೊಂಡು ನಿಂತ. ರೆಫರಿ ಅವನನ್ನೊಮ್ಮೆ ನೋಡಿದ, ಅಂಗಿಯನ್ನೊಮ್ಮೆ ನೋಡಿದ, ಪುಸ್ತಕ ಮುಚ್ಚಿ ಜೇಬಿಗಿಟ್ಟ. ಎದುರಿನ ಹುಡುಗಿ ಚೆಂಡಿನಿಂದ ಹಿಂದಕ್ಕೆ ನಡೆದಳು, ಗಂಡಸರ ತೋಳುಗಳು ಬೀಸಿದವು, ಸೀಟಿ ಬಾಯಿಗೆ ಹೋಯಿತು.

"ಏಯ್, ಏನು ಮಾಡ್ಬೇಕೇ?" ಎಂದು ಗದ್ಗದ ದನಿಯಲ್ಲಿ ಕೇಳಿದ ಮೇಸ್ತ್ರಿ.

"ಹಿಡಿ ಮೇಸ್ತ್ರಿ," ಎಂದಳು ಬುಟ್ಟಿ.

ಅವಳು ಕೈ ಕಟ್ಟಿಕೊಂಡು ಕೂತಿದ್ದಳು. ಆ ಒಂದು ಬೆರಳು ಮಾತ್ರ ಮಡಚದೆ, ನೆಟ್ಟಗೆ ಅವನತ್ತಲೇ ಚಾಚಿಕೊಂಡಿತ್ತು.