ತೊಟ್ಟಿಲು ಹಿಡಿಯಿತು, ತೋಹಿರ್ ಹಿಡಿಯಲಿಲ್ಲ

ರೇಷ್ಮೆ ಕಾರ್ಖಾನೆಯ ಗೋದಾಮು ನೋಡಿಕೊಂಡು ನಿವೃತ್ತನಾದ ತೋಹಿರ್ ಅಣ್ಣನಿಗೆ ‘ಜಾಗ ಇಲ್ಲ’ ಅನ್ನುವ ಮಾತೇ ಆಗಿಬರುತ್ತಿರಲಿಲ್ಲ. “ಜಾಗ ಇದ್ದೇ ಇರುತ್ತೆ, ನೋಡೋ ಕಣ್ಣು ಬೇಕು,” ಅನ್ನುತ್ತಿದ್ದ. ಫರ್ಗಾನಾ ಸೀಮೆಯ ಮರ್ಗಿಲಾನ್‌ನ ನಮ್ಮ ಮೊಹಲ್ಲಾದಲ್ಲಿ ಯಾರೇ ಮನೆ ಬದಲಿಸಲಿ, ಲಾರಿಗೆ ಸಾಮಾನು ಏರಿಸುವಾಗ ಕರೆಯದೆಯೂ ಬಂದು ನಿಲ್ಲುತ್ತಿದ್ದ. ಬೀರು ಅಡ್ಡ ಹಾಕಿ, ಅದರ ಹೊಟ್ಟೆಗೆ ಪಾತ್ರೆ ತುಂಬಿ, ಪಾತ್ರೆಯೊಳಗೆ ಚಪ್ಪಲಿ ಇಡಿ ಎಂದು ಹೇಳಿಕೊಡುತ್ತಿದ್ದ. ಅವನು ಹೇಳಿದ ಹಾಗೆ ಮಾಡಿದರೆ ಎಲ್ಲ ಹಿಡಿಯುತ್ತಿತ್ತು, ಸುಳ್ಳಲ್ಲ. ಇಳಿಸುವ ಹೊತ್ತಿಗೆ ಮಾತ್ರ ಅವನು ಅಲ್ಲಿರುತ್ತಿರಲಿಲ್ಲ.

ಅವನ ಮಗಳು ದಿಲ್ಫುಜಾಳನ್ನು ತಾಷ್ಕೆಂಟಿಗೆ ಕೊಟ್ಟಿದ್ದರು. ಚಳಿಗಾಲದ ಕೊನೆಯಲ್ಲಿ ಅವಳಿಗೆ ಗಂಡು ಮಗುವಾಯಿತು. ಚೊಚ್ಚಲು ಮಗುವಿಗೆ ತೊಟ್ಟಿಲು ಒಯ್ಯುವುದು ತವರಿನವರ ಪಾಲಿನ ಕೆಲಸ. ಬರೀ ತೊಟ್ಟಿಲಾದರೆ ಯಾರು ಬೇಕಾದರೂ ಹೊತ್ತುಕೊಂಡು ಹೋಗಬಹುದು. ತೊಟ್ಟಿಲ ಜೊತೆ ರಜಾಯಿಗಳು ಹೋಗಬೇಕು, ಮಗುವಿನ ಬಟ್ಟೆ, ಬೀಗರಿಗೆ ನಿಲುವಂಗಿ, ಬೂಟು, ಬೀಗಿತ್ತಿಗೆ ಮಖಮಲ್ಲು, ಬುಟ್ಟಿಗಟ್ಟಲೆ ರೊಟ್ಟಿ, ಹಲ್ವಾ, ಒಣಹಣ್ಣು ಎಲ್ಲ ಹೋಗಬೇಕು. ತೋಹಿರನ ಹೆಂಡತಿ ಮುಕದ್ದಸ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಬೀಗಿತ್ತಿ ಮಲೋಹತ್, ಯಾರದೋ ಮುಂದೆ, “ಫರ್ಗಾನಾದವರು ಸರಳ ಜನ, ಪಾಪ,” ಅಂದಿದ್ದರಂತೆ. ಆ ‘ಪಾಪ’ವನ್ನು ಮುಕದ್ದಸ್ ಒಂದು ವರ್ಷದಿಂದ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಸಾಮಾನಿಗೆಂದು ಸೋದರಳಿಯನ ವ್ಯಾನು ಗೊತ್ತಾಗಿತ್ತು. ಹೊರಡುವ ಹಿಂದಿನ ದಿನ ಅದು ಕೆಟ್ಟು ನಿಂತಿತು. ಬಾಡಿಗೆ ಕಾರಿನವನ ಹತ್ತಿರ ಉಳಿದಿದ್ದದ್ದು ಒಂದು ಬಿಳಿ ಮಾಟಿಜ್ ಮಾತ್ರ. “ಹೊರಗಿಂದ ನೋಡೋಕೆ ಚಿಕ್ಕದು ಅಣ್ಣ, ಒಳಗೆ ದೊಡ್ಡದು. ಮೇಲೆ ಮಾತ್ರ ಏನೂ ಕಟ್ಟಬೇಡಿ, ಬಣ್ಣ ಹೋಗುತ್ತೆ,” ಅಂದ. ತೋಹಿರ್ ಒಪ್ಪಿಕೊಂಡ. ತೊಟ್ಟಿಲು ಒಯ್ಯುವವರು ಹಂಚಿಕೆ ಟ್ಯಾಕ್ಸಿಯಲ್ಲಿ ಅಪರಿಚಿತರ ಮೊಣಕೈ ತಿವಿಸಿಕೊಂಡು ಹೋಗಿ ಇಳಿಯುವುದು ಅವನಿಗೆ ಸಾವಿಗೆ ಸಮ.

ಬೆಳಿಗ್ಗೆ ಕಾರು ಬಾಗಿಲಿಗೆ ಬಂದಾಗ ಬೀದಿಯೆಲ್ಲ ಹೊರಗೆ ಬಂತು. ನಾನೂ ಚಹಾದ ಬಟ್ಟಲು ಹಿಡಿದುಕೊಂಡೇ ಹೋದೆ. ಗೋಡೆಗೆ ಒರಗಿಸಿಟ್ಟ ಸಾಮಾನು ಕಾರಿಗಿಂತ ಎತ್ತರವಾಗಿತ್ತು.

“ಇದ್ರಲ್ಲಿ ಇದು ಹಿಡಿಯುತ್ತಾ?” ಅಂದ ಎದುರುಮನೆಯ ಕಟುಕ.

“ನೀನು ಕುರಿ ಕಡಿಯೋವಾಗ ನಾನು ಬಾಯಿ ಹಾಕ್ತೀನಾ?” ಅಂದ ತೋಹಿರ್.

ಹಿಂದಿನ ಸೀಟು ಮಡಚಿದ. ಮೊದಲು ತೊಟ್ಟಿಲು ಹೋಯಿತು, ಕಾಲು ಮೇಲಾಗಿ. ಅದರ ಹೊಟ್ಟೆಗೆ ರೊಟ್ಟಿಯ ಗಂಟು. ಸುತ್ತ ರಜಾಯಿ, ರಜಾಯಿಯ ಮಡಿಕೆಗೆ ಹಲ್ವಾ, ಹಲ್ವಾದ ಡಬ್ಬಗಳ ಸಂದಿಗೆ ಮಗುವಿನ ಟೋಪಿ, ಕಾಲುಚೀಲ. ಒಣದ್ರಾಕ್ಷಿಯನ್ನು ಚೀಲದಿಂದ ಬಿಡಿಸಿ ಬೀಗರ ಬೂಟಿನೊಳಗೆ ಸುರಿಯಲು ಹೋದಾಗ ಮುಕದ್ದಸ್ ಕೈ ಹಿಡಿದಳು. ಕೊನೆಗೆ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿದ. ಕ್ಲಿಕ್ ಅಂತು. ಕಟುಕನೇ ಮೊದಲು ಚಪ್ಪಾಳೆ ತಟ್ಟಿದ.

ಆಗ ಗೇಟಿನಲ್ಲಿ ತೋಹಿರನ ಅಕ್ಕ ಹೊಸಿಯತ್ ಕಾಣಿಸಿಕೊಂಡಳು, ಹೂವಿನ ಶಾಲು ಹೊದ್ದು, ಕೈಚೀಲ ಹಿಡಿದು, ಪ್ರಯಾಣಕ್ಕೆ ಸಿದ್ಧಳಾಗಿ. ಮಗುವನ್ನು ಮೊದಲ ಸಲ ತೊಟ್ಟಿಲಲ್ಲಿ ಮಲಗಿಸಿ, ಅಲುಗದ ಹಾಗೆ ಪಟ್ಟಿಯಿಂದ ಕಟ್ಟಬೇಕಾದವಳು ತುಂಬು ಸಂಸಾರದ ಹಿರಿಯಳು. ಅಂದರೆ ಅವಳು. ಎಲ್ಲರೂ ಕಾರಿನ ಕಡೆ ನೋಡಿದರು. ಮುಂದೆ ಎರಡು ಸೀಟು. ಒಂದು ಓಡಿಸುವವನಿಗೆ.

ಅತ್ತಿಗೆಗೂ ನಾದಿನಿಗೂ ಮುಕದ್ದಸಳ ಮದುವೆಯ ವಾರದಿಂದ ಎಣ್ಣೆ ಸೀಗೆಕಾಯಿ. ಹೊಸ ಮದುಮಗಳು ಮಾಡಿದ ಪುಲಾವನ್ನು ನೆಂಟರ ಮುಂದೆ ಹೊಸಿಯತ್ “ಗಂಜಿ ಚೆನ್ನಾಗಿದೆ” ಅಂದಿದ್ದಳು. ಆದರೆ ನಮ್ಮಲ್ಲಿ ಜಗಳವೂ ಮರ್ಯಾದೆಯಿಂದಲೇ ನಡೆಯುತ್ತದೆ.

“ನೀವೇ ಕೂತ್ಕೊಳ್ಳಿ ಅಕ್ಕ, ಹಿರಿಯರು. ನಾನು ಮೊಮ್ಮಗನ್ನ ಇನ್ನೊಂದ್ಸಲ ನೋಡಿದ್ರಾಯ್ತು. ಬದುಕಿದ್ರೆ,” ಅಂದಳು ಮುಕದ್ದಸ್.

“ಛೇ, ಅಜ್ಜಿ ಬಿಟ್ಟು ತೊಟ್ಟಿಲು ಹೋಗುತ್ತಾ? ನೀನು ಹೋಗಮ್ಮ. ನಾನು ಕಟ್ಟದೇ ಇದ್ರೂ ಮಗು ಹೇಗೋ ದೊಡ್ಡದಾಗುತ್ತೆ.”

“ನಿಮ್ಮನ್ನ ಬಿಟ್ಟುಹೋದೆ ಅಂತ ನಾಳೆ ನನ್ನ ತಲೆ ಮೇಲೆ ಬರೋದು ಬೇಡ.”

“ನಿನ್ನ ಜಾಗ ಕಿತ್ಕೊಂಡೆ ಅಂತ ನನ್ನ ಮೇಲೂ ಬರೋದು ಬೇಡ.”

ಹೀಗೆ ಒಬ್ಬರನ್ನೊಬ್ಬರು ಕಾರಿನೊಳಗೆ ತಳ್ಳುತ್ತಾ, ಯಾರೂ ಹತ್ತದೆ, ಬಿಸಿಲು ಗೋಡೆ ದಾಟಿತು. ಕೊನೆಗೆ ಹೊಸಿಯತ್ ತಮ್ಮನ ಕಡೆ ತಿರುಗಿದಳು. “ನೀನ್ಯಾಕೆ ಬರ್ತಿದ್ದೀಯ?”

“ಓಡಿಸೋರು ಯಾರು?”

ಅವಳು ಕೀಗೆ ಕೈ ಚಾಚಿದಳು. ಹೊಸಿಯತ್, ಮನೆಗೆ ಸೊಸೆ ಬರುವವರೆಗೂ, ಬೇಕರಿಯ ವ್ಯಾನು ಓಡಿಸಿದವಳು. ತೋಹಿರ್ ಲೈಸೆನ್ಸು ತೆಗೆದುಕೊಂಡದ್ದು ಐವತ್ತರ ಮೇಲೆ. ಎಡಕ್ಕೆ ತಿರುಗಬೇಕಾದರೆ ಎದುರು ಬರುವ ವಾಹನಗಳಿಗೆ ಹೆದರಿ ಮೂರು ಸಲ ಬಲಕ್ಕೆ ತಿರುಗುತ್ತಿದ್ದ. ಇದು ಬೀದಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

“ನಾನು ಟ್ಯಾಕ್ಸಿಗೆ ಹೋಗೋದಾ?” ಅಂದ ಅವನು, ಸಣ್ಣ ದನಿಯಲ್ಲಿ. ಯಾರೂ ಬೇಡ ಅನ್ನಲಿಲ್ಲ. “ಒಂದು ರಜಾಯಿಯಾದ್ರೂ ಕೊಡಿ, ತೊಡೆ ಮೇಲಿಟ್ಕೊಂಡು ಹೋಗ್ತೀನಿ. ಬರಿಗೈಲಿ ಹ್ಯಾಗೆ ಹೋಗಲಿ?”

“ಎಳಿ ನೋಡೋಣ,” ಅಂದ ಕಟುಕ.

ತೋಹಿರ್ ಕಿಟಕಿಯಿಂದ ಒಳಗೆ ನೋಡಿದ. ಒಂದು ಎಳೆದರೆ ಉಳಿದದ್ದೆಲ್ಲ ಮೈಮೇಲೆ ಬೀಳುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹಂಚಿಕೆ ಟ್ಯಾಕ್ಸಿಯ ಹುಡುಗರು ಬೆಟ್ಟ ದಾಟಿ ತಾಷ್ಕೆಂಟಿಗೆ ಹೋಗುವ ಕಣಿವೆ ರಸ್ತೆಯಲ್ಲಿ ಹೇಗೆ ಓಡಿಸುತ್ತಾರೆ ಎಂದು ಹೇಳಬೇಕಾಗಿಲ್ಲ. ಮಧ್ಯಾಹ್ನಕ್ಕೆಲ್ಲ ತೋಹಿರ್ ತಾಷ್ಕೆಂಟಿನ ಬೀಗರ ಬಾಗಿಲಲ್ಲಿ ನಿಂತಿದ್ದ. ಬೀಗಿತ್ತಿ ಮಲೋಹತ್ ಬಾಗಿಲು ತೆಗೆದು, “ಬನ್ನಿ, ಬನ್ನಿ,” ಅನ್ನುತ್ತಲೇ ಅವನ ಹಿಂದಕ್ಕೆ ಮೆಟ್ಟಿಲ ಕಡೆ ನೋಡಿದರು. ಮೆಟ್ಟಿಲ ಮೇಲೆ ಒಂದು ಬೆಕ್ಕಿತ್ತು.

“ಸಾಮಾನು ಹಿಂದೆ ಬರ್ತಿದೆ,” ಅಂದ ತೋಹಿರ್.

“ಬರಲಿ, ಬರಲಿ. ನೀವು ಬಂದ್ರಲ್ಲ, ಅದೇ ದೊಡ್ಡದು.”

ಒಳಗೆ ಹೋದರೆ ನಡುಕೋಣೆ ಬೋಳಾಗಿತ್ತು. ಉಡುಗೊರೆ ಹರಡಲು ಜಾಗ ಬೇಕೆಂದು ಸೋಫಾ, ಮೇಜು, ಗಾಜಿನ ಬೀರು ಎಲ್ಲವನ್ನೂ ಪಕ್ಕದ ಮನೆಗಳಿಗೆ ಸಾಗಿಸಿದ್ದರು. ಗೋಡೆಯುದ್ದಕ್ಕೂ ಬೀಗರ ಕಡೆಯ ಹೆಂಗಸರು ಕಾಲು ಮಡಚಿ ಕೂತಿದ್ದರು. ನಡುವೆ ಖಾಲಿ ನೆಲ. ತೋಹಿರನನ್ನು ಅದರ ಎದುರಿಗೇ ಕೂರಿಸಿ ಪುಲಾವ್ ಬಡಿಸಿದರು.

ಕಣಿವೆಯಲ್ಲಿ ಹಿಮ ಜಾರಿ ರಸ್ತೆ ಮುಚ್ಚಿದೆ ಎಂದು ಬೀಗರು ಸುದ್ದಿ ತಂದರು. ಹೆಂಡತಿಯ ಫೋನು ಸಿಗಲಿಲ್ಲ. ಅಪಾಯವೇನಿಲ್ಲ, ವಾಹನಗಳು ಸಾಲಾಗಿ ನಿಂತಿವೆ ಅಷ್ಟೇ ಎಂದು ಗೊತ್ತಾದ ಮೇಲೆ ಹೆಂಗಸರು ಮಾತಿಗೆ ಶುರು ಮಾಡಿದರು.

“ತುಂಬಾ ಸಾಮಾನಿದೆಯಾ ಅಣ್ಣ?” ಎಂದು ಒಬ್ಬಳು ಕೇಳಿದಳು, ಚಹಾ ಸುರಿಯುತ್ತ.

“ಇದೆ. ರಜಾಯಿಗಳಿವೆ.”

“ಯಾವ ಕಾರಲ್ಲಿ ಬರ್ತಿದೆ?”

“ಮಾಟಿಜ್‌ನಲ್ಲಿ.”

ಚಹಾ ಸುರಿಯುವ ಕೈ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಪಾಪ,” ಅಂದಳು ಮೂಲೆಯಲ್ಲಿದ್ದ ಮುದುಕಿ.

ಆ ಒಂದು ಮಾತು ತೋಹಿರನಿಗೆ ನಾಟಿತು. ಅಲ್ಲಿಯವರೆಗೆ ನಿಜವನ್ನೇ ಹೇಳಿದ್ದವನು, ರಜಾಯಿಗಳ ಸಂಖ್ಯೆ ಏರಿಸಿದ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಮಖಮಲ್ಲಿನ ಗಜ ಹೆಚ್ಚಿಸಿದ. ಎಲ್ಲರೂ ಮತ್ತಷ್ಟು ಮರ್ಯಾದೆಯಿಂದ ತಲೆಯಾಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಅವನ ಬಾಯಿಂದ ಒಂದು ರತ್ನಗಂಬಳಿ ಹೊರಬಿತ್ತು. ಕೆಂಪು, ಕೈನೇಯ್ಗೆಯದು, ಅಂಚಿನಲ್ಲಿ ದಾಳಿಂಬೆ. ದಾಳಿಂಬೆ ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು.

“ರತ್ನಗಂಬಳೀನೂ ಮಾಟಿಜ್‌ನಲ್ಲೇ?” ಅಂದರು ಮಲೋಹತ್.

“ಜಾಗ ಇರುತ್ತೆ ಬೀಗಿತ್ತಿ, ನೋಡೋ ಕಣ್ಣು ಬೇಕು.”

ಮುಸ್ಸಂಜೆಗೆ ಕೆಳಗೆ ಹಾರನ್ ಕೇಳಿಸಿತು. ಎಲ್ಲರೂ ಬಾಲ್ಕನಿಗೆ ಓಡಿದರು. ಮುಕದ್ದಸ್, ಹೊಸಿಯತ್ ಇಬ್ಬರೂ ಇಳಿದರು. ಚಳಿಗೆ ಕೆನ್ನೆ ಕೆಂಪಾಗಿ, ಏನೋ ಹೇಳಿಕೊಂಡು ನಗುತ್ತಾ. ಹಿಂದಿನ ಬಾಗಿಲು ತೆಗೆದು ತೊಟ್ಟಿಲು ಇಳಿಸಿದರು. ಬಾಗಿಲು ಹಾಕಿದರು. ಅಷ್ಟೇ. ತೋಹಿರ್ ಬಾಲ್ಕನಿಯ ಕಂಬಿ ಹಿಡಿದುಕೊಂಡ.

ಅವರು ಮೇಲೆ ಬಂದು ಆ ದೊಡ್ಡ ಖಾಲಿ ನೆಲದ ನಡುವೆ ತೊಟ್ಟಿಲಿಟ್ಟು ಕೂತರು. ಮುಕದ್ದಸ್ ಹೇಳಿದಳು: ಕಣಿವೆಯ ಸಾಲಿನಲ್ಲಿ ಮುಂದೆ ನಿಂತಿದ್ದ ಕಾರಿನಲ್ಲಿ ಎಳೆಗೂಸೊಂದು ಚಳಿಗೆ ಅಳುತ್ತಿತ್ತಂತೆ. ಒಂದು ರಜಾಯಿ ಕೊಡೋಣ ಅಂತ ಎಳೆದಳಂತೆ.

“ಎಳೆದದ್ದೇ, ಇಡೀ ಕಾರು ಹೊರಗೆ ಬಂತು,” ಅಂದಳು ಹೊಸಿಯತ್. “ಹಿಮದ ಮೇಲೆ ಹಲ್ವಾ, ಟೋಪಿ, ಎಲ್ಲ. ಸಾಲಿನಲ್ಲಿದ್ದ ಗಂಡಸರೆಲ್ಲ ಬಂದು ತುಂಬೋಕೆ ನೋಡಿದ್ರು. ಒಬ್ಬೊಬ್ಬರದೂ ಒಂದೊಂದು ಬುದ್ಧಿ. ಅರ್ಧಾನೂ ಹಿಡೀಲಿಲ್ಲ. ಹೊತ್ತಾಗ್ತಿತ್ತು. ತುಂಬೋದಕ್ಕಿಂತ ಕೊಟ್ಬಿಡೋದೇ ಸುಲಭ ಅನ್ನಿಸ್ತು.”

“ಕೊಟ್ಬಿಟ್ಟಿರಾ?” ಅಂದರು ಮಲೋಹತ್.

“ಮಕ್ಕಳಿದ್ದ ಕಾರಿಗೆಲ್ಲ ಒಂದೊಂದು ರಜಾಯಿ. ರೊಟ್ಟಿ ಹಂಚಿದ್ವಿ. ಮಖಮಲ್ಲು ಒಂದು ಬಾಣಂತಿ ಸುತ್ಕೊಂಡ್ಳು. ಬೀಗರ ನಿಲುವಂಗಿ ಒಬ್ಬ ಲಾರಿ ಡ್ರೈವರ್‌ಗೆ. ಪಾಪ, ಬರೀ ಅಂಗಿಯಲ್ಲಿದ್ದ.”

ಬೀಗರು ಮುಂದಕ್ಕೆ ಬಾಗಿದರು. “ಸರಿಹೋಯ್ತಾ ಅವನಿಗೆ?”

“ತೋಳು ಕೊಂಚ ಗಿಡ್ಡ.”

“ಮತ್ತೆ ರತ್ನಗಂಬಳಿ?” ಅಂದಳು ಮೂಲೆಯ ಮುದುಕಿ. “ದಾಳಿಂಬೆ ಅಂಚಿನದು?”

ಮುಕದ್ದಸ್ ಗಂಡನ ಕಡೆ ನೋಡಿದಳು. ತೋಹಿರ್ ತೊಟ್ಟಿಲ ಕಾಲಿನ ಬಣ್ಣ ಪರೀಕ್ಷಿಸುತ್ತಿದ್ದ. ಹೊಸಿಯತ್ ತಮ್ಮನ ಕಿವಿ ಕೆಂಪಾದದ್ದು ನೋಡಿದಳು. ಅವನ ಕಿವಿಯನ್ನು ಅವಳು ಅರವತ್ತು ವರ್ಷದಿಂದ ಬಲ್ಲಳು.

“ಅದನ್ನೇ ಮೊದಲು ಕೊಟ್ಟಿದ್ದು,” ಅಂದಳು, ರೆಪ್ಪೆ ಹೊಡೆಯದೆ. “ಒಬ್ಬಳು ಮುದುಕಿ ನೆಲದ ಮೇಲೆ ನಮಾಜು ಮಾಡ್ತಿದ್ಲು. ನೋಡೋಕಾಗ್ಲಿಲ್ಲ. ಅಲ್ವೇನೇ?”

“ದಾಳಿಂಬೆ ಕಡೆ ತಲೆ ಇಟ್ಟು ಮಾಡಿದ್ಲು,” ಅಂದಳು ಮುಕದ್ದಸ್.

ಮಲೋಹತ್ ಕಣ್ಣೊರೆಸಿಕೊಂಡರು. ಹೆಂಗಸರೆಲ್ಲ ಕೈಯೆತ್ತಿ ದುವಾ ಮಾಡಿದರು. ಕಣಿವೆಯಲ್ಲಿ ಹಿಮದ ನಡುವೆ ಮೊಮ್ಮಗನ ಹೆಸರಲ್ಲಿ ತವರಿನ ಉಡುಗೊರೆಯನ್ನೆಲ್ಲ ದಾನ ಮಾಡಿದರು ಎಂದು ಆ ರಾತ್ರಿಯೊಳಗೆ ಬೀಗರ ಬಂಧುಬಳಗಕ್ಕೆಲ್ಲ ಸುದ್ದಿ ಹೋಯಿತು. ಇಬ್ಬರು ಹೆಂಗಸರಿಗೆ ಮತ್ತೆ ತುಂಬಲು ಬರಲಿಲ್ಲ ಅನ್ನುವ ಭಾಗ ಯಾಕೋ ಯಾರ ಕಿವಿಗೂ ಬಿದ್ದಿರಲಿಲ್ಲ.

ಮರುದಿನ ತೊಟ್ಟಿಲಿಗೆ ಹಾಕುವ ಹೊತ್ತಿನಲ್ಲಿ ಹೊಸಿಯತ್ ಮಗುವನ್ನು ಮಲಗಿಸಿದಳು. ಕಟ್ಟುವ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಆಮೇಲೆ ಮುಕದ್ದಸಳ ಕೈಗಿಟ್ಟಳು. “ನೀನೇ ಕಟ್ಟು. ನಿನ್ನ ಕೈ ಬಿಗಿ.” ಮುಕದ್ದಸಳ ಗಂಟು ಎರಡು ಸಲ ಬಿಚ್ಚಿಕೊಂಡಿತು. ಮಗು ಒಂದಿಷ್ಟು ಅತ್ತು ನಿದ್ದೆ ಹೋಯಿತು.

“ಒಳ್ಳೇದೇ ಆಯ್ತು ಬಿಡಿ,” ಎಂದು ದಿಲ್ಫುಜಾ ಅಪ್ಪನ ಕಿವಿಯಲ್ಲಿ ಹೇಳಿದಳು. “ಅಷ್ಟು ರಜಾಯಿ ಈ ಮನೇಲಿ ಎಲ್ಲಿ ಇಡ್ತಿದ್ದೆ?”

ಹೊರಡುವ ದಿನ ಮಲೋಹತ್ ತಮ್ಮ ಮಲಗುವ ಕೋಣೆಯ ಗೋಡೆಯಿಂದ ರತ್ನಗಂಬಳಿ ಬಿಚ್ಚಿಸಿ ಕೆಳಗೆ ತರಿಸಿದರು. “ನಮಗಾಗಿ ತಂದದ್ದನ್ನ ನೀವು ದೇವರಿಗೆ ಕೊಟ್ರಿ. ನಾವು ನಿಮ್ಮನ್ನ ಬರಿಗೈಲಿ ಕಳಿಸಿದ್ರೆ ಮನುಷ್ಯರಾ?” ತೋಹಿರ್ ಬೇಡವೆಂದು ಎಷ್ಟು ಕೈಮುಗಿದನೋ ಅಷ್ಟು ಅವರ ಗೌರವ ಹೆಚ್ಚಿತು. ಸುತ್ತಿದ ಗಂಬಳಿ ಕಾರಿನ ಹಿಂದಿನ ಗಾಜಿನಿಂದ ಮುಂದಿನ ಗಾಜಿನವರೆಗೆ ಓರೆಯಾಗಿ ಹೋಯಿತು. ಉಳಿದ ಸಂದಿಯಲ್ಲಿ ತೋಹಿರನನ್ನು ತೂರಿಸಿದರು. ಹೆಗಲ ಮೇಲೆ ಗಂಬಳಿ, ಗಲ್ಲಕ್ಕೆ ಮೊಣಕಾಲು. ಮುಂದೆ ಹೊಸಿಯತ್ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಮುಕದ್ದಸ್. ಇಬ್ಬರೂ ಊರು ದಾಟುವ ಮೊದಲೇ ಮಾತಿಗೆ ಶುರು ಹಚ್ಚಿದರು.

ಬೆಟ್ಟ ಹತ್ತುವಾಗ ತೋಹಿರ್ ಗಂಬಳಿಯ ಕೆಳಗಿಂದ, “ಆ ಗಂಬಳಿ ವಿಷಯ... ನಾನು ಸುಮ್ಮನೆ...” ಎಂದು ಶುರು ಮಾಡಿದ.

“ಗೊತ್ತು,” ಅಂದಳು ಮುಕದ್ದಸ್. “ಇನ್ನೊಂದು ಗಂಟೆ ತಡವಾಗಿದ್ರೆ ಕುದುರೇನೂ ಕೊಟ್ಟಿರ್ತಿದ್ರಿ.”

“ಕುದುರೆ ಹೇಳಿದ್ದಿದ್ರೆ,” ಅಂದಳು ಹೊಸಿಯತ್, ತಿರುವಿನಲ್ಲಿ ಗೇರು ಇಳಿಸುತ್ತ, “ಈಗ ಅವನ ತೊಡೆ ಮೇಲೆ ಕೂತಿರ್ತಿತ್ತು.”

ಕಣಿವೆಯ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹೆಂಗಸರಿಬ್ಬರೂ ಇಳಿದರು. ತೋಹಿರನಿಗೆ ಇಳಿಯಬೇಕೆಂದರೆ ಮೊದಲು ಗಂಬಳಿ ಇಳಿಯಬೇಕು. ಮುಕದ್ದಸ್ ಅವನ ಬಟ್ಟಲನ್ನು ಕಿಟಕಿಯಿಂದ ಒಳಗೆ ಕೊಟ್ಟು, ಬಿಸಿ ಇದೆ, ಚೆಲ್ಲಬೇಡಿ ಎಂದು ಹೇಳಿ ಹೋದಳು.